ಸಾಲೋಟಗಿಯ ದೀಪವೃತ್ತಿಯೂ ವಿದ್ಯುಜ್ಜಾಲದ ವಾರ್ತಾವಾಹನವೂ

ವಿಜಯಪುರ (ಬಿಜಾಪುರ) ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯು ಶಾಸನಾಭ್ಯಾಸಿಗಳಿಗೆ ಚಿರಪರಿಚಿತವಾದ ಊರು. ಶಾಸನೋಕ್ತವಾದ ಪಾವಿಟ್ಟಗೆಯೇ ಇದು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದ, ಶಕವರ್ಷ ೮೬೭ (ಕ್ರಿ. ಶ. ೯೪೫)ರ ಇಲ್ಲಿಯ ಸ್ತಂಭಶಾಸನವು, ಮಂತ್ರಿಯಾದ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಯನ್ನೂ, ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ ಬಿಟ್ಟ ೨೭ ಮನೆಗಳನ್ನೂ ಹೇಳುತ್ತದೆ. ಅಧ್ಯಾಪಕನಿಗೆ ೫೦ ನಿವರ್ತನ ಭೂಮಿ. ದೀಪಕ್ಕೆ ೧೨ ನಿವರ್ತನ ಬೇರೆ. ಶಾಲೆಯ ಒಟ್ಟು ಆದಾಯದಲ್ಲಿಯೇ ಎಣ್ಣೆಯ ಖರ್ಚೂ ಸಾಗಿಹೋಗಲೆಂದು ದಾನಿಯು ಬಿಡಲಿಲ್ಲ. ಹಚ್ಚಿದ ದೀಪವು ತಾನಾಗಿ ಉರಿಯುತ್ತಿರದು, ಅದಕ್ಕೆ ನಿಯತವಾದ ವೃತ್ತಿ ಬೇಕು ಎಂಬ ವಿವೇಕವು ಇಲ್ಲಿ ಕಾಣುತ್ತದೆ. ಆ ವಿವೇಕವು ಇಂದಿನ ವಿದ್ಯುದ್ದೀಪಕ್ಕೆ ಎಷ್ಟರಮಟ್ಟಿಗೆ ಅನ್ವಯಿಸುವುದೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ವಿದ್ಯುಚ್ಛಕ್ತಿಯ ಚರಿತ್ರೆಯನ್ನು ಬರೆಯುವವರು ಜಲಪಾತ, ಯಂತ್ರ, ಕಂಬ, ತಂತಿಗಳನ್ನು ವರ್ಣಿಸುತ್ತಾರೆ. ಇವುಗಳ ನಡುವೆ ಸಂಚರಿಸುವ ವಾರ್ತೆಯನ್ನು ಮರೆಯುತ್ತಾರೆ. ಜೋಳವನ್ನು ಹಗೇವಿನಲ್ಲಿಟ್ಟಂತೆ ಈ ಶಕ್ತಿಯನ್ನು ತಂತಿಯಲ್ಲಿ ಕೂಡಿಡಲು ಬಾರದು. ಎಷ್ಟು ವ್ಯಯವೋ ಅಷ್ಟೇ ಪೂರೈಕೆಯು ಕ್ಷಣಕ್ಷಣಕ್ಕೂ ಆಗುತ್ತಿರಬೇಕು. ಈ ಸಮತೂಕ ತಪ್ಪಿದರೆ ಸೆಕೆಂಡಿಗೆ ೫೦ ಆವರ್ತಗಳೆಂಬ ನಿಯಮವು ಕೆಡುತ್ತದೆ. ಆದಕಾರಣ ಎಲ್ಲಿ ಎಷ್ಟು ಹರಿಯುತ್ತಿದೆ, ಯಾವ ತಂತಿ ಕಡಿಯಿತು ಎಂಬ ಸುದ್ದಿಯು ನಿಯಂತ್ರಣಕೇಂದ್ರಕ್ಕೆ ತಡವಿಲ್ಲದೆ ಮುಟ್ಟಬೇಕು.

ಕ್ರಿ. ಶ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು ೧೪೭ ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಉತ್ಪತ್ತಿಸ್ಥಾನ ಒಂದು, ಬಳಸುವ ಸ್ಥಾನ ಒಂದು. ಅಂತಹ ವ್ಯವಸ್ಥೆಗೆ ಮನುಷ್ಯರ ಮಾತೇ ಬಹುಮಟ್ಟಿಗೆ ಸಾಕು. ೧೯೫೭ರಲ್ಲಿ ರಾಜ್ಯದ ವಿದ್ಯುಚ್ಛಕ್ತಿ ಮಂಡಳಿಯು ಸ್ಥಾಪಿತವಾಗಿ, ಮಾರ್ಗಗಳು ಬಲೆಯಂತೆ ಹೆಣೆದುಕೊಂಡ ಮೇಲೆ ಮಾತೊಂದೇ ಸಾಲದಾಯಿತು. ಆಗ ಬಹುವಾಗಿ ಬಳಕೆಗೆ ಬಂದುದು ಕ್ಯಾರಿಯರ್ ಪದ್ಧತಿ. ಶಕ್ತಿಯನ್ನು ಒಯ್ಯುವ ತಂತಿಯ ಮೇಲೆಯೇ ಉಚ್ಚ ಆವರ್ತದ ಅಲೆಗಳಿಂದ ಮಾತನ್ನೂ ಸಂಕೇತವನ್ನೂ ಕಳುಹಿಸುವುದು ಇದರ ಕ್ರಮ. ಬೇರೆ ತಂತಿಯ ವೆಚ್ಚವಿಲ್ಲವೆಂಬುದು ಇದರ ಗುಣ. ಆದರೆ ವಾರ್ತೆಗೆ ದೊರೆಯುವ ದಾರಿ ಕೇವಲ ೪ ಕಿಲೋಹರ್ಟ್ಸ್‌ನಷ್ಟು ಕಿರಿದು. ಮಳೆಗಾಲದಲ್ಲಿ ಗದ್ದಲ ಹೆಚ್ಚು. ತಂತಿ ಕಡಿದಾಗ, ಅಂದರೆ ಸುದ್ದಿಯು ಅತ್ಯವಶ್ಯವಾದ ವೇಳೆಯಲ್ಲಿಯೇ, ಸುದ್ದಿಯೂ ಕಡಿಯುವ ಭಯವುಂಟು.

೧೯೯೯ರಲ್ಲಿ ಮಂಡಳಿಯ ಸ್ಥಾನಕ್ಕೆ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮವು ಬಂದಿತು. ಅದು ಸಬ್‌ಸ್ಟೇಷನ್ನುಗಳ ಅಂಕಿಗಳನ್ನು ಉಪಗ್ರಹದ ಮೂಲಕ ಬೆಂಗಳೂರಿಗೆ ತರಿಸುವ ಏರ್ಪಾಡನ್ನು ಮಾಡಿತು. ದುರ್ಗಮ ಸ್ಥಳಗಳಿಗೆ ಇದು ಉಪಕಾರಿಯೇ ಸರಿ. ಆದರೆ ೩೬,೦೦೦ ಕಿಲೋಮೀಟರು ಎತ್ತರದ ಉಪಗ್ರಹಕ್ಕೆ ಏರಿ ಇಳಿಯಲು ಸಂಕೇತಕ್ಕೆ ಕಾಲು ಸೆಕೆಂಡು ಬೇಕು. ಕೆಟ್ಟ ಮಾರ್ಗವನ್ನು ಬೇರ್ಪಡಿಸುವ ರಕ್ಷಣಾಯಂತ್ರಗಳೋ ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ ಕಾರ್ಯ ಮಾಡಬೇಕಾದವು. ಆದಕಾರಣವೇ ಗೋಪುರಗಳ ಶಿಖರದಲ್ಲಿ ಸಿಡಿಲನ್ನು ತಡೆಯುವ ಭೂತಂತಿಯ ಗರ್ಭದಲ್ಲಿ ಗಾಜಿನ ಎಳೆಗಳನ್ನಿಟ್ಟು, ಬೆಳಕಿನಿಂದ ವಾರ್ತೆಯನ್ನು ಕಳುಹಿಸುವ ಕ್ರಮವು ಈಗ ಪ್ರಧಾನವಾಗಿದೆ.

ಸಾಲೋಟಗಿಯ ಸೀಮೆಗೆ ಈ ವಿಷಯವು ದೂರದ್ದಲ್ಲ. ೨೦೧೨ರ ಜುಲೈ ೩೦, ೩೧ರಂದು ಉತ್ತರಭಾರತದ ಜಾಲವು ಕುಸಿದು ಕೋಟ್ಯಂತರ ಜನರು ಕತ್ತಲೆಯಲ್ಲಿದ್ದರು. ವಾರ್ತಾಸಾಧನಗಳ ದೋಷವೇ ಅದಕ್ಕೆ ಮೂಲವೆನ್ನುವುದು ಸರಿಯಲ್ಲ. ಮಾರ್ಗಗಳ ಮೇಲೆ ಬಿದ್ದ ಅತಿಭಾರವು ಮುಖ್ಯ ಕಾರಣ. ಆದರೂ ಆ ಸಾಧನಗಳನ್ನು ಸುಸ್ಥಿತಿಯಲ್ಲಿಡಬೇಕೆಂದು ವಿಚಾರಣಾ ಸಮಿತಿಯು ವಿಧಿಸಿತು. ಆಗ ದಕ್ಷಿಣದ ಜಾಲವು ಉತ್ತರದೊಡನೆ ಒಂದೇ ಲಯದಲ್ಲಿ ಕೂಡಿರಲಿಲ್ಲವಾದುದರಿಂದ ಕುಸಿಯಲಿಲ್ಲ. ೨೦೧೩ರ ಡಿಸೆಂಬರ್ ೩೧ರಂದು ರಾಯಚೂರು–ಸೊಲ್ಲಾಪುರ ಮಾರ್ಗದಿಂದ ಎರಡೂ ಬೆಸೆದುವು. ೨೦೧೭ರಲ್ಲಿ ಇದೇ ಜಿಲ್ಲೆಯ ಕೂಡಗಿಯ ಉಷ್ಣವಿದ್ಯುತ್ ಸ್ಥಾವರವು ಶಕ್ತಿಯನ್ನು ಕೊಡತೊಡಗಿತು. ಅದರ ಪೂರ್ಣ ಸಾಮರ್ಥ್ಯ ೨,೪೦೦ ಮೆಗಾವಾಟ್. ಈಗ ಒಂದೆಡೆಯ ಪೆಟ್ಟು ಎಲ್ಲೆಡೆಗೂ ತಗಲಬಲ್ಲುದು. ಸುದ್ದಿಯ ವೇಗವು ಆ ಪೆಟ್ಟಿನ ವೇಗವನ್ನು ಮೀರಬೇಕು.

ಹಳೆಯ ಸಾಧನಗಳನ್ನು ನವೀಕರಿಸುವ ಕ್ರಮವನ್ನು ನಾವು ಗ್ರಂಥಸಂಪಾದಕರು ಸುಲಭವಾಗಿ ತಿಳಿಯಬಲ್ಲೆವು. ಜೀರ್ಣವಾದ ಓಲೆಯ ಪ್ರತಿಯನ್ನು ಎತ್ತಿಕೊಂಡು, ಮೂಲದೊಡನೆ ಹೋಲಿಸಿ ತಿದ್ದುವವರೆಗೆ ಹಳೆಯ ಕಟ್ಟನ್ನು ಬಿಸುಡಲಾಗದು. ಇಲ್ಲಿಯೂ ಹಾಗೆಯೇ: ಹೊಸ ಮಾರ್ಗವನ್ನು ಹಳೆಯದರ ಜೊತೆಜೊತೆಗೆ ನಡೆಯಿಸಿ, ಎರಡರ ಅಂಕಿಗಳೂ ಒಂದೇ ಎಂದು ಕಂಡ ಮೇಲೆಯೇ ಹಳೆಯದನ್ನು ನಿಲ್ಲಿಸಬೇಕು. ಹಳೆಯ ಯಂತ್ರದ ಸಂಕೇತಭಾಷೆಯು ಹೊಸದಕ್ಕೆ ತಿಳಿಯದಿದ್ದಲ್ಲಿ ನಡುವೆ ದುಭಾಷಿಯಂತಹ ಉಪಕರಣವನ್ನಿಡುತ್ತಾರೆ. ಭೂತಂತಿಯನ್ನು ಬದಲಿಸುವಾಗಲೂ ಕೆಳಗಿನ ತಂತಿಗಳಲ್ಲಿ ವಿದ್ಯುತ್ತು ಹರಿಯುತ್ತಿರುವಂತೆಯೇ ಕೆಲಸ ಮಾಡುವ ವಿಧಾನವುಂಟು. ಸಂಕೇತವನ್ನು ಬಲ್ಲ ಹಳಬರು ನಿವೃತ್ತರಾಗುವ ಮುನ್ನ ಅವರ ತಿಳಿವಳಿಕೆಯನ್ನು ಬರೆದಿಡುವುದೂ ಈ ಕಾರ್ಯದ ಅಂಗವೇ. ಓದುವವನಿಲ್ಲದ ಲಿಪಿಯು ಉಳಿದೂ ಅಳಿದಂತೆ.

ವಿದ್ಯುತ್ ವಾರ್ತಾವ್ಯವಸ್ಥೆಯನ್ನು ಕುರಿತು ಕೇಂದ್ರದ ನಿಯಮಾವಳಿಗಳು ೨೦೧೭ರಲ್ಲಿಯೂ ೨೦೨೦ರಲ್ಲಿಯೂ ಹೊರಟಿವೆ. ಕರ್ತವ್ಯವು ಲಿಖಿತವಾಯಿತು. ಆದರೆ ಹೊಸ ಸ್ಥಾವರಕ್ಕೆ ಹಣ ದೊರೆಯುವಷ್ಟು ಸುಲಭವಾಗಿ ಹಳೆಯ ಸಾಧನದ ನವೀಕರಣಕ್ಕೆ ದೊರೆಯುವುದಿಲ್ಲ. ಅದು ಕೆಟ್ಟ ದಿನವೇ ಜನರ ಕಣ್ಣಿಗೆ ಬೀಳತಕ್ಕದ್ದು. ಶಾಲೆಯ ಕಟ್ಟಡವನ್ನು ಕಂಡವರು ನಾರಾಯಣನನ್ನು ಹೊಗಳಿರಬೇಕು; ರಾತ್ರಿಯಲ್ಲಿ ಓದಿದವರಿಗೆ ಉಪಕಾರವಾದುದು ಆ ಹನ್ನೆರಡು ನಿವರ್ತನಗಳಿಂದ. ಜಾಲವನ್ನು ಕಟ್ಟುವವರು ಅದರ ವಾರ್ತಾವಾಹನಕ್ಕೂ ಅಂತಹದೊಂದು ವೃತ್ತಿಯನ್ನು ಮೊದಲೇ ಬೇರೆ ತೆಗೆದಿಡಬೇಕೆಂಬುದೇ ಸಾಲೋಟಗಿಯ ಶಾಸನದಿಂದ ನಾವು ಕಲಿಯತಕ್ಕ ಪಾಠ.