ಜಾತ್ರೆಯೂ ಸಂತೆಯೂ: ಬೆತ್ಲೆಹೆಮ್ ಪಟ್ಟಣದ ಹಳೆಯ ಪೇಟೆ ಮತ್ತು ಉಚಿತ ಸಂಗೀತ

ಹಳೆಯ ಪೇಟೆಬೀದಿ ಬಿಕೋ ಎನ್ನತೊಡಗಿದಾಗ ಅಲ್ಲೊಂದು ಉಚಿತ ಸಂಗೀತ ಕಾರ್ಯಕ್ರಮ ಏರ್ಪಡಿಸುವುದು ಅಮೆರಿಕದ ಸಣ್ಣ ಪಟ್ಟಣಗಳಲ್ಲಿ ಈಗ ಎಲ್ಲರೂ ಹಿಡಿಯುವ ದಾರಿ. ಬೇಸಗೆಯ ಸಂಜೆ, ಹುಲ್ಲುಹಾಸಿನ ಅಂಚಿಗೆ ಒಂದು ವೇದಿಕೆ, ಮಡಿಸುವ ಕುರ್ಚಿಗಳನ್ನು ಹೊತ್ತು ಬರುವ ಸಂಸಾರಗಳು. ಇದರಿಂದ ಪೇಟೆ ಚೇತರಿಸಿಕೊಳ್ಳುತ್ತದೆ ಎಂಬ ನಂಬಿಕೆ ಬಹಳ ವ್ಯಾಪಕ. ಆದರೆ ಯಾವ ಬಗೆಯಲ್ಲಿ, ಯಾರ ಪಾಲಿಗೆ, ಎಷ್ಟು ಕಾಲ ಎಂಬ ವಿಚಾರಣೆ ಅಷ್ಟಾಗಿ ನಡೆಯುವುದಿಲ್ಲ. ಪೆನ್ಸಿಲ್ವೇನಿಯಾ ರಾಜ್ಯದ ಬೆತ್ಲೆಹೆಮ್ ಪಟ್ಟಣದ ನಾಲ್ಕು ದಶಕಗಳ ಅನುಭವವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸಿದ್ದೇನೆ. ವರ್ಷಕ್ಕೊಮ್ಮೆ ನೆರೆಯುವ ದೊಡ್ಡ ಜನಜಂಗುಳಿಗಿಂತ, ಮತ್ತೆ ಮತ್ತೆ ಸಣ್ಣ ಪ್ರಮಾಣದಲ್ಲಿ ಸೇರುವ ಜನವೇ ಪೇಟೆಗೆ ಹೆಚ್ಚು ಆಧಾರ. ಆ ಜನ ಬರುವ ಮೊದಲೇ ಪೇಟೆಯ ಕಟ್ಟಡಗಳು ಉಳಿದಿರಬೇಕು. ನನ್ನ ವಾದ ಇಷ್ಟೇ.

ಬೆತ್ಲೆಹೆಮ್ ಹುಟ್ಟಿದ್ದು 1741ರಲ್ಲಿ. ಯುರೋಪಿನಿಂದ ಬಂದ ಮೊರೇವಿಯನ್ ಪಂಥದ ಕ್ರೈಸ್ತರು ಲೀಹೈ ನದಿಯ ಉತ್ತರ ದಂಡೆಯಲ್ಲಿ, ಮೊನೊಕಸಿ ಎಂಬ ತೊರೆ ಬಂದು ಸೇರುವ ಕಡೆ ಊರು ಕಟ್ಟಿದರು. ಸಂಗೀತ ಇವರಿಗೆ ಆರಾಧನೆಯ ಅಂಗವೂ ಹೌದು, ಊರಿನ ಸುದ್ದಿ ಸಾರುವ ದನಿಯೂ ಹೌದು. ಯಾರಾದರೂ ತೀರಿಕೊಂಡರೆ ಟ್ರೊಂಬೋನ್ ಮೇಳ ಅದನ್ನು ಊರಿಗೆ ತಿಳಿಸುತ್ತಿತ್ತು. 1756ರಲ್ಲಿ ಇಲ್ಲಿಗೆ ಬಂದ ಬೆಂಜಮಿನ್ ಫ್ರಾಂಕ್ಲಿನ್ ತಮ್ಮ ಆತ್ಮಕಥೆಯಲ್ಲಿ ಇಲ್ಲಿನ ಚರ್ಚಿನ ವಾದ್ಯಸಂಗೀತವನ್ನು ಮೆಚ್ಚಿ ನೆನೆದಿದ್ದಾರೆ. 1806ರಲ್ಲಿ ಮುಗಿದ ಸೆಂಟ್ರಲ್ ಮೊರೇವಿಯನ್ ಚರ್ಚಿನಲ್ಲಿ ಸುಮಾರು 1,500 ಜನ ಕೂರಬಹುದು. ಅದನ್ನು ಕಟ್ಟಿದ ಕಾಲಕ್ಕೆ ಊರಿನ ಒಟ್ಟು ಜನಸಂಖ್ಯೆ ಸಾವಿರವನ್ನೂ ಮುಟ್ಟಿರಲಿಲ್ಲ. ಬಾಖ್‌ನ ಬಿ ಮೈನರ್ ಮಾಸ್ ಕೃತಿ ಅಮೆರಿಕದಲ್ಲಿ ಮೊದಲ ಬಾರಿಗೆ ಪೂರ್ಣವಾಗಿ ಕೇಳಿಬಂದದ್ದು 1900ರಲ್ಲಿ, ಇದೇ ಚರ್ಚಿನಲ್ಲಿ. ಹಾಡಿದ್ದು 1898ರಲ್ಲಿ ರೂಪುಗೊಂಡ ಊರಿನದೇ ಬಾಖ್ ಗಾಯನವೃಂದ. ಸಂಗೀತೋತ್ಸವ ಈ ಊರಿಗೆ ಹೊರಗಿನಿಂದ ತಂದು ಅಂಟಿಸಿದ ಅಲಂಕಾರವಲ್ಲ ಎಂಬುದು ಮುಂದಿನ ಮಾತುಗಳಿಗೆಲ್ಲ ಹಿನ್ನೆಲೆ.

ನದಿಯ ದಕ್ಷಿಣ ದಂಡೆಯದು ಬೇರೆಯದೇ ಕಥೆ. ಅಲ್ಲಿ ಬೆಳೆದದ್ದು ಬೆತ್ಲೆಹೆಮ್ ಸ್ಟೀಲ್ ಕಂಪನಿ. ಗೋಲ್ಡನ್ ಗೇಟ್ ಸೇತುವೆಗೆ ಉಕ್ಕು ಕೊಟ್ಟ ಈ ಕಂಪನಿಯ ಬೆತ್ಲೆಹೆಮ್ ಕಾರ್ಖಾನೆಯೊಂದರಲ್ಲೇ ಎರಡನೆಯ ಮಹಾಯುದ್ಧದ ಹೊತ್ತಿಗೆ ಸುಮಾರು 31,000 ಜನ ದುಡಿಯುತ್ತಿದ್ದರು. ಪೂರ್ವ ಯುರೋಪಿನಿಂದ, 1923ರಲ್ಲಿ ಮೆಕ್ಸಿಕೊದಿಂದ, ಯುದ್ಧದ ನಂತರ ಪೋರ್ಟೊ ರಿಕೊದಿಂದ ಕಾರ್ಮಿಕರು ಬಂದು ದಕ್ಷಿಣ ದಂಡೆಯ ಇಕ್ಕಟ್ಟಿನ ಸಾಲುಮನೆಗಳಲ್ಲಿ ನೆಲೆಸಿದರು. ಎರಡು ದಡಗಳೂ ಒಂದೇ ನಗರಾಡಳಿತಕ್ಕೆ ಸೇರಿದ್ದು 1917ರಲ್ಲಿ. ಆಮೇಲೂ ಉತ್ತರ ದಂಡೆ ಚರ್ಚು, ಹಳೆಯ ಕಲ್ಲುಕಟ್ಟಡ, ಅಂಗಡಿಬೀದಿಗಳ ಊರಾಗಿಯೂ ದಕ್ಷಿಣ ದಂಡೆ ಕುಲುಮೆ ಮತ್ತು ಕೂಲಿಯವರ ಊರಾಗಿಯೂ ಉಳಿದವು.

1970ರ ದಶಕದಲ್ಲಿ ಎರಡೂ ದಡಗಳು ಸೊರಗತೊಡಗಿದವು. ಊರ ಹೊರಗೆ, ಕಾರು ನಿಲ್ಲಿಸಲು ವಿಶಾಲ ಜಾಗವಿದ್ದ ಶಾಪಿಂಗ್ ಮಾಲ್‌ಗಳು ಬಂದವು. ನೆರೆಯ ವೈಟ್‌ಹಾಲ್‌ನ ಲೀಹೈ ವ್ಯಾಲಿ ಮಾಲ್ ತೆರೆದದ್ದು 1976ರಲ್ಲಿ. ಮುಖ್ಯಬೀದಿಯ ಗಿರಾಕಿಗಳು ಅತ್ತ ಸರಿದರು. ಉಕ್ಕಿನ ಕಂಪನಿ 1982ರ ಒಂದೇ ವರ್ಷದಲ್ಲಿ ಸುಮಾರು 150 ಕೋಟಿ ಡಾಲರ್ ನಷ್ಟ ಅನುಭವಿಸಿತು. ಸಂಬಳದವರು ಕೆಲಸ ಕಳೆದುಕೊಂಡರೆ ಸಂಬಳವನ್ನೇ ನೆಚ್ಚಿಕೊಂಡ ಅಂಗಡಿಗಳೂ ಮುಚ್ಚುತ್ತವೆ. ವಕೀಲ ಜೆಫ್ ಪಾರ್ಕ್ಸ್ ಮುಂದಾಳತ್ವದಲ್ಲಿ ಊರಿನ ಕೆಲವರು ಸೇರಿ 1984ರ ಆಗಸ್ಟ್‌ನಲ್ಲಿ ಮ್ಯೂಸಿಕ್‌ಫೆಸ್ಟ್ ಆರಂಭಿಸಿದ್ದು ಈ ಸಂಕಟದ ನಡುವೆ. ಆಗಸ್ಟ್ ಪ್ರವಾಸಿಗರು ವಿರಳವಾಗಿದ್ದ ತಿಂಗಳು. ಖಾಲಿ ತಿಂಗಳನ್ನೇ ಆರಿಸಿಕೊಂಡದ್ದು ಜಾಣತನ.

ಆದರೆ ಆ ಹೊತ್ತಿಗೆ ಊರು ಇನ್ನೊಂದು ಕೆಲಸ ಮಾಡಿಕೊಂಡಿತ್ತು. ಮ್ಯೂಸಿಕ್‌ಫೆಸ್ಟ್‌ನ ಯಶಸ್ಸನ್ನು ಕೊಂಡಾಡುವವರು ಇದನ್ನು ಮರೆಯುವುದು ನನಗೆ ಸರಿಕಾಣುವುದಿಲ್ಲ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ನೂರಾರು ಊರುಗಳು ನಗರ ನವೀಕರಣದ ಹೆಸರಿನಲ್ಲಿ ತಮ್ಮ ಹಳೆಯ ಪೇಟೆಗಳನ್ನು ತಾವೇ ಕೆಡವಿ ವಾಹನ ನಿಲುಗಡೆಯ ಬಯಲು ಮಾಡಿಕೊಂಡವು. ಬೆತ್ಲೆಹೆಮ್‌ನಲ್ಲೂ ಅಂಥ ಯೋಜನೆಗಳಿದ್ದವು, ಒಂದಷ್ಟು ಕಟ್ಟಡಗಳು ಹೋದವು ಕೂಡ. ಆದರೆ 1957ರಿಂದಲೇ ಇಲ್ಲಿ ಪರಂಪರೆ ರಕ್ಷಣೆಯ ಸಂಘಟನೆಯೊಂದು ಕೆಲಸ ಮಾಡುತ್ತಿತ್ತು. ಮೊನೊಕಸಿ ತೊರೆಯ ಬದಿಯ ತಗ್ಗಿನಲ್ಲಿ 1761ರ ಚರ್ಮ ಹದಮಾಡುವ ಕಟ್ಟಡವನ್ನೂ 1762ರ ಜಲಯಂತ್ರಾಲಯವನ್ನೂ ದುರಸ್ತಿ ಮಾಡಿ ಉಳಿಸಿಕೊಂಡರು. ತೊರೆಯ ನೀರಿನ ಬಲದಿಂದಲೇ ಪಂಪು ಓಡಿಸಿ ಗುಡ್ಡದ ಮೇಲಿನ ಊರಿಗೆ ನೀರು ಹತ್ತಿಸುತ್ತಿದ್ದ ಆ ಯಂತ್ರಾಲಯ ಇಂದು ರಾಷ್ಟ್ರೀಯ ಸ್ಮಾರಕ.

ಅದೇ ಕಾಲಕ್ಕೆ ದೇಶಮಟ್ಟದಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. ಅಮೆರಿಕದ ರಾಷ್ಟ್ರೀಯ ಪರಂಪರೆ ರಕ್ಷಣಾ ಟ್ರಸ್ಟ್ 1977ರಲ್ಲಿ ಮೇರಿ ಮೀನ್ಸ್ ಅವರ ನೇತೃತ್ವದಲ್ಲಿ ಮೇನ್ ಸ್ಟ್ರೀಟ್ ಯೋಜನೆಯನ್ನು ಗೇಲ್ಸ್‌ಬರ್ಗ್, ಮ್ಯಾಡಿಸನ್, ಹಾಟ್ ಸ್ಪ್ರಿಂಗ್ಸ್ ಎಂಬ ಮೂರು ಸಣ್ಣ ಊರುಗಳಲ್ಲಿ ಆರಂಭಿಸಿತು. ಕಟ್ಟಡದ ಮುಖಕ್ಕೆ ಬಣ್ಣ ಬಳಿದರೆ ವ್ಯಾಪಾರ ಬರುವುದಿಲ್ಲ, ವ್ಯಾಪಾರವಿಲ್ಲದೆ ಕಟ್ಟಡ ನಿಲ್ಲುವುದಿಲ್ಲ ಎಂಬುದು ಅಲ್ಲಿ ಮನವರಿಕೆಯಾಯಿತು. ಸಂಘಟನೆ, ಪ್ರಚಾರ, ವಿನ್ಯಾಸ, ಆರ್ಥಿಕ ಮರುಜೋಡಣೆ ಎಂಬ ನಾಲ್ಕು ಅಂಶಗಳ ವಿಧಾನ ರೂಪುಗೊಂಡದ್ದು ಹೀಗೆ. ಉತ್ಸವ, ಸಂಗೀತಗಳೆಲ್ಲ ಪ್ರಚಾರದ ಅಡಿಯಲ್ಲಿ ಬರುತ್ತವೆ, ಅಂದರೆ ನಾಲ್ಕರಲ್ಲಿ ಒಂದು. ಉಳಿದ ಮೂರನ್ನು ಕೈಬಿಟ್ಟು ಇದೊಂದನ್ನೇ ಹಿಡಿದ ಊರುಗಳಲ್ಲಿ ಸಂಗೀತ ಮುಗಿದ ಮರುದಿನ ಮುಚ್ಚಿದ ಬಾಗಿಲುಗಳೇ ಉಳಿಯುತ್ತವೆ.

ಮ್ಯೂಸಿಕ್‌ಫೆಸ್ಟ್‌ನ ವಿನ್ಯಾಸ ಗಮನಾರ್ಹ. ಇಡೀ ಉತ್ಸವವನ್ನು ಒಂದು ಮೈದಾನದಲ್ಲಿ ಕೂಡಿಹಾಕದೆ ಹಳೆಯ ಪೇಟೆಯ ಉದ್ದಗಲಕ್ಕೂ ಹರಡಿದರು. ಒಂದೊಂದು ವೇದಿಕೆಗೂ ಒಂದೊಂದು ಜರ್ಮನ್ ಹೆಸರು: ಫೆಸ್ಟ್‌ಪ್ಲಾಟ್ಸ್, ಫೋಕ್ಸ್‌ಪ್ಲಾಟ್ಸ್, ಲೀಡರ್‌ಪ್ಲಾಟ್ಸ್. ಹಳೆಯ ಕಸುಬುಗಳ ಕಟ್ಟಡಗಳಿದ್ದ ತಗ್ಗಿನಲ್ಲಿ ಕುಶಲಕರ್ಮಿಗಳ ಹ್ಯಾಂಡ್‌ವರ್ಕ್‌ಪ್ಲಾಟ್ಸ್. ಸುತ್ತ ಬೇಲಿಯಿಲ್ಲ, ಪ್ರವೇಶದ್ವಾರವಿಲ್ಲ. ಒಂದು ವೇದಿಕೆಯಲ್ಲಿ ಪೋಲ್ಕಾ ಮುಗಿಸಿ ಇನ್ನೊಂದರಲ್ಲಿ ಬ್ಲೂಸ್ ಕೇಳಬೇಕೆಂದರೆ ಪೇಟೆಯ ಮೂಲಕವೇ ನಡೆದುಹೋಗಬೇಕು, 1758ರ ಸನ್ ಇನ್ ಛತ್ರವನ್ನೂ ಅಂಗಡಿ ಕಿಟಕಿಗಳನ್ನೂ ಹಾದು. ಮಾಲ್‌ಗೆ ಹೋಗಿ ಹೋಗಿ ಮುಖ್ಯಬೀದಿಯನ್ನೇ ಮರೆತಿದ್ದ ಒಂದು ತಲೆಮಾರು ಅದನ್ನು ಮತ್ತೆ ಕಾಲಿನಿಂದ ಕಲಿತದ್ದು ಹೀಗೆ. ವಿಲಿಯಂ ಎಚ್. ವೈಟ್ 1980ರಲ್ಲಿ ಪ್ರಕಟಿಸಿದ ನಗರದ ಸಣ್ಣ ಬಯಲುಗಳ ಅಧ್ಯಯನದಲ್ಲಿ ಎರಡು ಮಾತುಗಳನ್ನು ಒತ್ತಿ ಹೇಳುತ್ತಾರೆ: ಕೂರಲು ಜಾಗವಿದ್ದಲ್ಲಿ ಜನ ಕೂರುತ್ತಾರೆ, ಮತ್ತು ಬೀದಿಯ ಗಾಯಕನಂಥ ಮೂರನೆಯ ಸಂಗತಿಯೊಂದು ಎದುರಿಗಿದ್ದರೆ ಅಪರಿಚಿತರು ಪರಸ್ಪರ ಮಾತಾಡುತ್ತಾರೆ. ಕೆಲಸ ಕಳೆದುಕೊಂಡ ಊರಿಗೆ ಈ ಎರಡನೆಯದರ ಅಗತ್ಯ ಎಷ್ಟಿತ್ತೆಂಬುದನ್ನು ಯಾವ ವರಮಾನದ ಲೆಕ್ಕವೂ ಹೇಳಲಾರದು.

ಉಚಿತ ಎಂಬುದಕ್ಕೂ ಒಂದು ಹಣಕಾಸಿನ ಲೆಕ್ಕಾಚಾರವಿದೆ. ಕಲಾವಿದರಿಗೆ ಸಂಭಾವನೆ ಕೊಡಬೇಕು, ಧ್ವನಿವರ್ಧಕ, ಗುಡಾರ, ಶೌಚಾಲಯ, ಕಸ, ಪೊಲೀಸ್ ಎಲ್ಲಕ್ಕೂ ಹಣ ಬೇಕು. ಬೆತ್ಲೆಹೆಮ್‌ನಲ್ಲಿ ಇದು ನಾಲ್ಕಾರು ಕಡೆಯಿಂದ ಬರುತ್ತದೆ: ಪ್ರಾಯೋಜಕರು, ದೇಣಿಗೆ, ಹೆಸರಾಂತ ಕಲಾವಿದರ ಟಿಕೆಟ್ ಕಛೇರಿಗಳು, ಊಟ ಮತ್ತು ಬಿಯರ್ ಮಾರಾಟ. ಉತ್ಸವದ ಗುರುತೇ ಆಗಿಹೋದ ಪ್ಲಾಸ್ಟಿಕ್ ಮಗ್ ಇದಕ್ಕೆ ಒಳ್ಳೆಯ ನಿದರ್ಶನ. ಜನ ಅದನ್ನು ಕೊಂಡು, ಸೊಂಟಕ್ಕೆ ನೇತುಹಾಕಿಕೊಂಡು, ವೇದಿಕೆಯಿಂದ ವೇದಿಕೆಗೆ ಹೋಗುತ್ತ ಮತ್ತೆ ಮತ್ತೆ ತುಂಬಿಸಿಕೊಳ್ಳುತ್ತಾರೆ. ಹಾಡು ಕೇಳಲು ಬಂದವರಲ್ಲಿ ಕುಡಿಯುವವರು ಕುಡಿಯದವರ ಪಾಲಿನ ಖರ್ಚನ್ನೂ ಸ್ವಲ್ಪಮಟ್ಟಿಗೆ ಹೊರುತ್ತಾರೆಂದರೆ ತಪ್ಪಾಗದು. ಇದರ ಜೊತೆಗೆ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರ ದೊಡ್ಡ ಪಡೆ. ಈ ದುಡಿಮೆಗೆ ಬೆಲೆ ಕಟ್ಟದೆ ಉತ್ಸವದ ವೆಚ್ಚ ಕಡಿಮೆ ಎಂದು ತೋರಿಸುವುದು ಲೆಕ್ಕದ ದೋಷ.

ಲೆಕ್ಕದ ಮಾತು ಬಂದಾಗ ಹೇಳಲೇಬೇಕಾದ್ದೊಂದಿದೆ. ಈಗ ಹತ್ತು ದಿನ ನಡೆಯುವ ಮ್ಯೂಸಿಕ್‌ಫೆಸ್ಟ್‌ಗೆ ಹತ್ತು ಲಕ್ಷಕ್ಕೂ ಮೀರಿ ಜನ ಬರುತ್ತಾರೆಂಬುದು ಸಂಘಟಕರ ಹೇಳಿಕೆ. ಬಾಗಿಲಿಲ್ಲದ ಉತ್ಸವದಲ್ಲಿ ತಲೆ ಎಣಿಸುವುದು ಅಂದಾಜಿನ ಕೆಲಸ. ಹತ್ತು ದಿನವೂ ಬಂದ ಸ್ಥಳೀಯರು ಹತ್ತು ಸಲ ಎಣಿಕೆಗೆ ಸಿಗಬಹುದು. ಅದಕ್ಕಿಂತ ಮುಖ್ಯವಾಗಿ, ಊರಿನವರು ಉತ್ಸವದಲ್ಲಿ ಖರ್ಚು ಮಾಡಿದ ಹಣ ಊರಿಗೆ ಹೊಸದಾಗಿ ಬಂದದ್ದಲ್ಲ. ಬೇರೆ ವಾರ, ಬೇರೆ ಅಂಗಡಿಯಲ್ಲಿ ಖರ್ಚಾಗಬೇಕಿದ್ದದ್ದು. ಉತ್ಸವದ ಆರ್ಥಿಕ ಪರಿಣಾಮ ಎಂದು ಪ್ರಕಟವಾಗುವ ಮೊತ್ತಗಳನ್ನು ಓದುವಾಗ ಈ ಎರಡನ್ನು ಕಳೆದೇ ಓದಬೇಕು. ಬೀದಿಯಲ್ಲಿ ತಿಂಡಿ ಗುಡಾರಗಳು ಎದ್ದಾಗ ಗುಡಾರದ ಹಿಂದಿರುವ ಹೋಟೆಲಿನವರಿಗೆ ಲಾಭವೋ ನಷ್ಟವೋ ಎಂಬುದು ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ಬಟ್ಟೆ, ಪುಸ್ತಕ, ಆಭರಣದ ಅಂಗಡಿಯವರಿಗೆ ಆ ದಿನಗಳಲ್ಲಿ ಬರುವುದು ಹೆಚ್ಚಾಗಿ ನೋಡಿಹೋಗುವವರು. ಅವರು ಸೆಪ್ಟೆಂಬರಿನಲ್ಲಿ ಮತ್ತೆ ಬರುತ್ತಾರೆಯೇ ಎಂಬುದೇ ನಿಜವಾದ ಪ್ರಶ್ನೆ.

1995ರ ನವೆಂಬರಿನಲ್ಲಿ ದಕ್ಷಿಣ ದಂಡೆಯ ಕುಲುಮೆಗಳು ಆರಿದವು. 2001ರಲ್ಲಿ ಕಂಪನಿ ದಿವಾಳಿಗೆ ಅರ್ಜಿ ಹಾಕಿತು. ಸುಮಾರು 1,800 ಎಕರೆ ಕಾರ್ಖಾನೆ ನೆಲ ಊರಿನ ಮಧ್ಯೆ ಪಾಳುಬಿತ್ತು. ಆ ನೆಲದ ಒಂದು ಭಾಗದಲ್ಲಿ 2009ರಲ್ಲಿ ಸ್ಯಾಂಡ್ಸ್ ಕ್ಯಾಸಿನೊ ತೆರೆಯಿತು. 2011ರಲ್ಲಿ ಅದರ ಪಕ್ಕದಲ್ಲೇ, ಸುಮಾರು 230 ಅಡಿ ಎತ್ತರದ ಕುಲುಮೆಗಳ ಬುಡದಲ್ಲಿ, ಸ್ಟೀಲ್‌ಸ್ಟ್ಯಾಕ್ಸ್ ಎಂಬ ಕಲಾಸಮುಚ್ಚಯ. ಮ್ಯೂಸಿಕ್‌ಫೆಸ್ಟ್ ನಡೆಸುತ್ತಿದ್ದ ಸಂಸ್ಥೆಯೇ, ಈಗ ಆರ್ಟ್ಸ್‌ಕ್ವೆಸ್ಟ್ ಎಂಬ ಹೆಸರಿನಲ್ಲಿ, ಇದನ್ನೂ ನಡೆಸುತ್ತದೆ. ಹೊಸ ಕಟ್ಟಡಗಳಿಂದ ಹೆಚ್ಚಿದ ಆಸ್ತಿ ತೆರಿಗೆಯನ್ನು ಅದೇ ಪ್ರದೇಶದ ಸಾರ್ವಜನಿಕ ಕಾಮಗಾರಿಗೆ ಮೀಸಲಿಡುವ ಏರ್ಪಾಡು ಇದಕ್ಕೆ ನೆರವಾಯಿತು. ಜೂಜುಕಟ್ಟೆಯ ತೆರಿಗೆಯಿಂದ ಉಚಿತ ಸಂಗೀತದ ಅಂಗಳ ಎದ್ದಿತೆಂಬುದು ಹಲವರಿಗೆ ಇರುಸುಮುರುಸಿನ ಸಂಗತಿ. ನನಗೂ ಅದು ಸಮಾಧಾನ ತರುವುದಿಲ್ಲ.

ಸ್ಟೀಲ್‌ಸ್ಟ್ಯಾಕ್ಸ್‌ನ ಅಂಗಳದಲ್ಲಿ ನಿಂತದ್ದು ಲೆವಿಟ್ ಪೆವಿಲಿಯನ್. ಅಳತೆಗೆ ಹೊಲಿದುಕೊಡುವ ಅಂಗಿಗಳ ವ್ಯಾಪಾರದಲ್ಲಿ ಹಣ ಮಾಡಿದ ಮಾರ್ಟಿಮರ್ ಲೆವಿಟ್ 1974ರಲ್ಲಿ ಕನೆಕ್ಟಿಕಟ್‌ನ ವೆಸ್ಟ್‌ಪೋರ್ಟ್‌ನಲ್ಲಿ ಬಯಲು ರಂಗಮಂಟಪವೊಂದಕ್ಕೆ ನೆರವಾದರು; ಅವರ ಹೆಸರಿನ ಪ್ರತಿಷ್ಠಾನ ಅದೇ ಮಾದರಿಯನ್ನು ಬೇರೆ ಊರುಗಳಿಗೂ ಒಯ್ಯಿತು. ಅದರ ಪೆವಿಲಿಯನ್‌ಗಳ ಕ್ರಮ ಸರಳ: ವರ್ಷಕ್ಕೆ ಹತ್ತಾರು ಉಚಿತ ಕಛೇರಿ, ಎದುರಿಗೆ ಹುಲ್ಲುಹಾಸು.

ಮ್ಯೂಸಿಕ್‌ಫೆಸ್ಟ್ ಜಾತ್ರೆಯಾದರೆ ಲೆವಿಟ್ ಸಂಜೆಗಳು ವಾರದ ಸಂತೆ. ಜಾತ್ರೆಗೆ ದೂರದೂರಿನವರೂ ಬರುತ್ತಾರೆ, ಊರಿನ ಹೆಸರು ಹಬ್ಬುತ್ತದೆ. ಸಂತೆಗೆ ಬರುವವರು ಹತ್ತಿರದವರೇ, ಆದರೆ ಬಿಡದೆ ಬರುತ್ತಾರೆ. ವ್ಯಾಪಾರಿಯ ದೃಷ್ಟಿಯಿಂದ ಇವೆರಡರ ಅಂತರ ದೊಡ್ಡದು. ಹತ್ತು ದಿನದ ಜನವನ್ನು ನಂಬಿ ಯಾರೂ ವರ್ಷದ ಬಾಡಿಗೆ ಕರಾರಿಗೆ ಸಹಿ ಹಾಕಲಾರರು. ಬೇಸಗೆಯುದ್ದಕ್ಕೂ ವಾರದಲ್ಲಿ ಎರಡು ಮೂರು ಸಂಜೆ ಜನ ಸೇರುತ್ತಾರೆಂದಾದರೆ ಕಾಫಿ ಅಂಗಡಿಯೊಂದು ಧೈರ್ಯ ಮಾಡಬಹುದು. ಕೇಳುಗರ ಮನಸ್ಸಿನಲ್ಲೂ ಹೀಗೆಯೇ. ಟಿಕೆಟ್ ಕೊಂಡವರು ಕೊಟ್ಟ ಹಣಕ್ಕೆ ಕೊನೆಯವರೆಗೂ ಕೂರುತ್ತಾರೆ, ಕೂತು ಮನೆಗೆ ಹೋಗುತ್ತಾರೆ. ಉಚಿತ ಕಛೇರಿಯಲ್ಲಿ ಕೈಗೂಸಿನ ತಾಯಿ ಅರ್ಧಕ್ಕೆ ಎದ್ದುಹೋಗಬಹುದು, ಗೊತ್ತಿಲ್ಲದ ಸಂಗೀತವನ್ನು ಸುಮ್ಮನೆ ಹತ್ತು ನಿಮಿಷ ಕೇಳಿ ನೋಡಬಹುದು, ನಡುವೆ ಬೀದಿಗೆ ಹೋಗಿ ಬರಬಹುದು. ಪೇಟೆಗೆ ಬೇಕಾದ ಓಡಾಟ ಈ ಸಡಿಲಿಕೆಯಿಂದ ಹುಟ್ಟುತ್ತದೆ.

ಆದರೆ ಸ್ಟೀಲ್‌ಸ್ಟ್ಯಾಕ್ಸ್‌ನಿಂದ ಹೊಸದೊಂದು ತೊಡಕೂ ಬಂತು. ಮ್ಯೂಸಿಕ್‌ಫೆಸ್ಟ್‌ನ ಟಿಕೆಟ್ ಕಛೇರಿಗಳ ಮುಖ್ಯ ವೇದಿಕೆ ನದಿ ದಾಟಿತು. ಪೇಟೆಯೊಳಗೆ ಹರಡಿಕೊಂಡೇ ಬೆಳೆದ ಉತ್ಸವದ ಅರ್ಧ ಭಾರ, ಪೇಟೆಗಳೆರಡಕ್ಕೂ ತುಸು ದೂರವಿರುವ ಕಾರ್ಖಾನೆ ಅಂಗಳಕ್ಕೆ ಸರಿಯಿತು. ವಿಶಾಲ ನಿಲುಗಡೆಯಲ್ಲಿ ಕಾರು ಬಿಟ್ಟು, ಹಾಡು ಕೇಳಿ, ಅಲ್ಲಿಂದಲೇ ಹೆದ್ದಾರಿ ಹಿಡಿಯುವವರಿಗೆ ಉತ್ತರದ ಮುಖ್ಯಬೀದಿಯಾಗಲಿ ದಕ್ಷಿಣದ ಅಂಗಡಿಸಾಲಾಗಲಿ ಕಣ್ಣಿಗೇ ಬೀಳುವುದಿಲ್ಲ. ಪೇಟೆಯನ್ನು ಬರಿದು ಮಾಡಿದ ಮಾಲ್‌ನ ನಡೆಯನ್ನು ಇಲ್ಲಿ ಸಂಗೀತವೇ ಅನುಸರಿಸುವ ಅಪಾಯವಿದೆ. ಕ್ಲೋಯಿ ಟ್ಯಾಫ್ಟ್ 2016ರಲ್ಲಿ ಪ್ರಕಟಿಸಿದ, ಉಕ್ಕಿನಿಂದ ಜೂಜಿನತ್ತ ಹೊರಳಿದ ಈ ಊರಿನ ಅಧ್ಯಯನವನ್ನು ಇಂಥ ಬದಲಾವಣೆಗಳ ಬಗ್ಗೆ ಬರೆಯುವವರೆಲ್ಲ ಓದಬೇಕು. ದಕ್ಷಿಣ ದಂಡೆಯಲ್ಲಿ ಈಗ ಸ್ಪ್ಯಾನಿಷ್ ಮಾತಾಡುವ ಸಂಸಾರಗಳು ದೊಡ್ಡ ಸಂಖ್ಯೆಯಲ್ಲಿವೆ. ಅಂಗಳ ಅವರಿಗೂ ತೆರೆದಿದೆ ಎಂಬುದು ನಿಜ. ಆದರೆ ನೆರೆಹೊರೆಯ ಬೆಲೆ ಏರಿದರೆ ಮನೆ ಬಿಡಬೇಕಾಗುವವರೂ ಬಾಡಿಗೆಯಲ್ಲಿರುವ ಅವರೇ.

ಲೆವಿಟ್ ಪ್ರತಿಷ್ಠಾನ 2015ರಿಂದ ಸಣ್ಣ ಮತ್ತು ಮಧ್ಯಮ ಊರುಗಳಿಗೆಂದೇ ಇನ್ನೊಂದು ಯೋಜನೆ ನಡೆಸಿದೆ. ಆರಂಭದಲ್ಲಿ 25,000 ಡಾಲರ್ ಅನುದಾನ. ಅಷ್ಟೇ ಮೊತ್ತವನ್ನು ಊರೂ ಹೊಂದಿಸಬೇಕಿತ್ತು. ಬಳಕೆಯಿಲ್ಲದ ಬಯಲಿನಲ್ಲಿ ಹತ್ತು ಉಚಿತ ಕಛೇರಿ ನಡೆಸಬೇಕಿತ್ತು. ಹೊಸ ಕಟ್ಟಡವೇ ಬೇಡವೆಂಬುದು ಇದರ ಗುಣ. ಅರ್ಜಿ ಹಾಕುವ ಊರು ಕಛೇರಿಯ ಜಾಗ ಆರಿಸುವಾಗ ಬೆತ್ಲೆಹೆಮ್‌ನ ಮೊದಲ ವರ್ಷಗಳ ನಕ್ಷೆಯನ್ನು ಮುಂದಿಟ್ಟುಕೊಳ್ಳುವುದು ಒಳ್ಳೆಯದು: ಬಯಲಿನಿಂದ ಅಂಗಡಿ ಸಾಲಿಗೆ ಎಷ್ಟು ಹೆಜ್ಜೆ, ನಡುವೆ ಬೆಳಕಿದೆಯೇ, ಕಛೇರಿ ಮುಗಿಯುವ ಹೊತ್ತಿಗೆ ಅಂಗಡಿಗಳು ತೆರೆದಿರುತ್ತವೆಯೇ. ಸಂಜೆ ಐದಕ್ಕೇ ಬಾಗಿಲೆಳೆಯುವ ಬೀದಿಯಲ್ಲಿ ಏಳಕ್ಕೆ ಸಂಗೀತ ಶುರುವಾದರೆ ಬೀದಿಗೆ ಬರುವುದು ದನಿ ಮಾತ್ರ.

2024ರ ಜುಲೈಯಲ್ಲಿ ಬೆತ್ಲೆಹೆಮ್‌ನ ಮೊರೇವಿಯನ್ ಕಟ್ಟಡಗಳು ಜರ್ಮನಿಯ ಹೆರ್ನ್‌ಹೂಟ್, ಉತ್ತರ ಐರ್ಲೆಂಡಿನ ಗ್ರೇಸ್‌ಹಿಲ್ ಹಾಗೂ ಮೊದಲೇ ಪಟ್ಟಿಯಲ್ಲಿದ್ದ ಡೆನ್ಮಾರ್ಕಿನ ಕ್ರಿಸ್ಟಿಯನ್ಸ್‌ಫೆಲ್ಡ್ ಜೊತೆಗೆ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಹೊರಗಿನ ಪ್ರವಾಸಿಗರು ಇನ್ನಷ್ಟು ಬರಬಹುದು. ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಮಾರುಕಟ್ಟೆ ಈಗಾಗಲೇ ಪ್ರವೇಶ ಶುಲ್ಕವಿದ್ದೂ ಜನರನ್ನು ಸೆಳೆಯುತ್ತಿದೆ. ಆಗಸ್ಟ್ ಮತ್ತು ಡಿಸೆಂಬರ್ ಹೀಗೆ ತುಂಬಿಕೊಂಡಿರುವಾಗ ಅಧ್ಯಯನ ಮಾಡುವವರು ನೋಡಬೇಕಾದ್ದು ಜನವರಿಯಿಂದ ಏಪ್ರಿಲ್‌ವರೆಗಿನ ತಿಂಗಳುಗಳನ್ನು. ಆಗ ಎಷ್ಟು ಮಳಿಗೆ ಖಾಲಿಯಿವೆ, ಎಷ್ಟು ಕರಾರು ನವೀಕರಣವಾದವು, ಮಳಿಗೆಯ ಮೇಲಿನ ಮಹಡಿಗಳಲ್ಲಿ ಯಾರು ವಾಸವಾಗಿದ್ದಾರೆ, ಅವರ ಬಾಡಿಗೆ ಐದು ವರ್ಷದಲ್ಲಿ ಎಷ್ಟಾಯಿತು ಎಂಬುದನ್ನು ನದಿಯ ಎರಡೂ ದಡಗಳಲ್ಲಿ, ಒಂದೇ ನಮೂನೆಯಲ್ಲಿ, ವರ್ಷ ವರ್ಷವೂ ದಾಖಲಿಸಬೇಕು. ಆ ದಾಖಲೆಯ ಹೊಣೆ ಉತ್ಸವದ ಸಂಘಟಕರದ್ದಾಗದೆ ನಗರಾಡಳಿತದ್ದಾಗಬೇಕು.