ಏಳು ತಿಂಗಳ ಕೂಸೂ ಹಸುವಿನ ಹಾಲೂ

ಹೊಸಮನೆ ಅಂದ ಕೂಡಲೇ "ಶಿವಮೊಗ್ಗದ್ದೋ, ಭದ್ರಾವತಿಯದ್ದೋ?" ಅಂತ ಕೇಳ್ತಾರೆ. ನನಗೆ ಎರಡೂ ಸ್ವಂತದ್ದೇ. ಅಜ್ಜಿ ಮನೆ ಭದ್ರಾವತಿಯ ಹೊಸಮನೆ, ನಾವಿರೋದು ಶಿವಮೊಗ್ಗದ ಹೊಸಮನೆ. ಕೆಲವು ವರ್ಷಗಳ ಹಿಂದೆ ಈ ಎರಡು ಹೊಸಮನೆಗಳ ನಡುವೆ ದೊಡ್ಡ ಜಗಳವೇ ಆಗಿತ್ತು. ಕಾರಣ, ಒಂದೂವರೆ ಕೆ.ಜಿ. ತೂಕದ ನನ್ನ ತಂಗಿಯ ಮಗ.

ಏಳು ತಿಂಗಳು ತುಂಬುತ್ತಲೇ ಹುಟ್ಟಿಬಿಟ್ಟಿದ್ದ. ತಂಗಿಗೆ ಹಾಲು ಇನ್ನೂ ಸರಿಯಾಗಿ ಬಂದಿರಲಿಲ್ಲ. "ನೀರು ಬೆರೆಸಿ ಹಸುವಿನ ಹಾಲು ಕೊಡ್ರೋ. ನಿಮ್ಮಪ್ಪನೂ ಏಳು ತಿಂಗಳಿಗೇ ಹುಟ್ಟಿದ್ದು, ಬದುಕಲಿಲ್ವಾ?" ಅಂತ ಅಜ್ಜಿ. "ಒಂದು ತೊಟ್ಟೂ ಬೇಡ" ಅಂತ ಡಾಕ್ಟರು. ಯಾರ ಮಾತು ಕೇಳೋದು? ಮಗು ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದ ಆ ರಾತ್ರಿಗಳಲ್ಲಿ ನಿದ್ದೆ ಬಾರದೆ ಓದಲು ಶುರು ಮಾಡಿದೆ. ಓದುತ್ತಾ ಹೋದರೆ, ಈ ಜಗಳ ನಮ್ಮ ಮನೆಯದ್ದಷ್ಟೇ ಅಲ್ಲ, ನೂರು ವರ್ಷಕ್ಕೂ ಹಳೆಯದು!

ಪ್ಯಾರಿಸ್ಸಿನಲ್ಲಿ ಪಿಯೆರ್ ಬುಡಾನ್ ಎಂಬ ವೈದ್ಯರಿದ್ದರು. ತಿಂಗಳು ತುಂಬದ ಮಕ್ಕಳ ಆರೈಕೆಯನ್ನು ಒಂದು ಶಾಸ್ತ್ರವಾಗಿ ಕಟ್ಟಿದವರಲ್ಲಿ ಪ್ರಮುಖರು. 1900ರಲ್ಲಿ ಬಂದ ಅವರ ಪುಸ್ತಕದ ಸಾರ: ಕೂಸನ್ನು ಬೆಚ್ಚಗಿಡಿ, ತೂಕ ನೋಡುತ್ತಿರಿ, ತಾಯಿಯ ಹಾಲು ಕೊಡಿ, ಅದಿಲ್ಲದಿದ್ದರೆ ಇನ್ನೊಬ್ಬ ತಾಯಿಯ ಹಾಲು ಕೊಡಿ. 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 'ಅಲರ್ಜಿ' ಎಂಬ ಪದವನ್ನೇ ಹುಟ್ಟುಹಾಕಿದರು. ಹೊರಗಿನ ವಸ್ತುವನ್ನು ಒಮ್ಮೆ ಕಂಡ ದೇಹ ಎರಡನೇ ಸಲ ಬೇರೆಯೇ ರೀತಿ ವರ್ತಿಸುತ್ತೆ ಅನ್ನೋದು ಅದರ ಮೂಲ ಅರ್ಥ.

ಹಾಗಾದರೆ ಹಸುವಿನ ಹಾಲಿನಲ್ಲಿ ಅಂಥದ್ದೇನಿದೆ? ಬೀಟಾ-ಲ್ಯಾಕ್ಟೋಗ್ಲಾಬ್ಯುಲಿನ್ ಅನ್ನೋ ಪ್ರೋಟೀನಿದೆ. ಮನುಷ್ಯರ ಎದೆಹಾಲಿನಲ್ಲಿ ಇದು ತಯಾರಾಗೋದೇ ಇಲ್ಲ. ತಿಂಗಳು ತುಂಬದ ಕೂಸಿನ ಹೊಟ್ಟೆಯಲ್ಲಿ ಆಮ್ಲ ಕಡಿಮೆ, ಕರುಳಿನ ಒಳಪದರ ಇನ್ನೂ ಬಲಿತಿರುವುದಿಲ್ಲ. ತಾಯಿಯ ರಕ್ತದಿಂದ ಬರುವ ಪ್ರತಿಕಾಯಗಳ ಬಹುಪಾಲು ಕೊನೆಯ ಮೂರು ತಿಂಗಳಲ್ಲಿ ದಾಟುವಂಥದ್ದು. ಬೇಗ ಹುಟ್ಟಿದ ಕೂಸಿಗೆ ಆ ಬುತ್ತಿಯೂ ಅರ್ಧ. 1982ರಲ್ಲಿ ಇಂಗ್ಲೆಂಡಿನ ವೈದ್ಯರು ಹಾಲು ಕುಡಿದ ಕೂಸುಗಳ ರಕ್ತ ಪರೀಕ್ಷಿಸಿದಾಗ, ಈ ಹಸುವಿನ ಪ್ರೋಟೀನು ತಿಂಗಳು ತುಂಬಿದವರಿಗಿಂತ ತುಂಬದವರ ರಕ್ತದಲ್ಲಿ ಹೆಚ್ಚಿತ್ತು. ಬಾಗಿಲು ಇನ್ನೂ ಸರಿಯಾಗಿ ಕೂಡಿಲ್ಲದ ಮನೆ!

ಹಾಗಂತ ಇವರಿಗೆಲ್ಲ ಅಲರ್ಜಿ ಗ್ಯಾರಂಟಿ ಅಂದುಕೊಂಡಿರೋ, ಕೆಟ್ಟಿರಿ. ನಾನೂ ಹಾಗೇ ಅಂದುಕೊಂಡಿದ್ದೆ. 1990ರಲ್ಲಿ ಇಂಗ್ಲೆಂಡಿನ ಅಲನ್ ಲೂಕಾಸ್ ತಂಡ ಇಂಥ ಮಕ್ಕಳನ್ನು ಒಂದೂವರೆ ವರ್ಷದವರೆಗೆ ಗಮನಿಸಿತು. ಹಸುವಿನ ಹಾಲಿನ ಪುಡಿ ಕುಡಿದವರಿಗೂ ದಾನದ ಎದೆಹಾಲು ಕುಡಿದವರಿಗೂ ಒಟ್ಟಾರೆ ಅಲರ್ಜಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಮನೆತನದಲ್ಲೇ ಅಲರ್ಜಿ ಇದ್ದ ಮಕ್ಕಳಲ್ಲಿ ಮಾತ್ರ ಹಸುವಿನ ಹಾಲು ಕುಡಿದವರಿಗೆ ಇಸುಬು ಹೆಚ್ಚಿತ್ತು. ಕೆನಡಾದಲ್ಲಿ 2007ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೂ, ಬೇಗ ಹುಟ್ಟುವುದಕ್ಕೂ ಆಹಾರದ ಅಲರ್ಜಿಗೂ ನಂಟಿಲ್ಲ ಅಂತಲೇ ಹೇಳಿತು. ಪ್ರೋಟೀನು ಒಳಗೆ ಬಂದರೆ ಸಾಲದು, ದೇಹ ಅದನ್ನು ಶತ್ರು ಅಂದುಕೊಳ್ಳಬೇಕು. ಎಷ್ಟೋ ಸಲ 'ಇವನು ನಮ್ಮವನೇ' ಅಂತ ಒಪ್ಪಿಕೊಂಡುಬಿಡುತ್ತೆ.

ಹಾಗಾದರೆ ಡಾಕ್ಟರಿಗೇಕೆ ಹೆದರಿಕೆ? ಕರುಳು ಉರಿದು ಕೊಳೆಯುವ ಒಂದು ಕಾಯಿಲೆ ಇದೆ, 'ನೆಕ್' ಅಂತಾರೆ. ಇದಕ್ಕೆ ಕಾರಣ ಒಂದಲ್ಲ. ಬಲಿಯದ ಕರುಳು, ಬ್ಯಾಕ್ಟೀರಿಯಾ, ಹೊರಗಿನ ಹಾಲು ಎಲ್ಲ ಸೇರಿ ಆಗುವ ಅನಾಹುತ. ಅದೇ 1990ರಲ್ಲಿ ಲೂಕಾಸ್ ಮತ್ತು ಕೋಲ್ 926 ಕೂಸುಗಳ ಲೆಕ್ಕ ಕೊಟ್ಟರು. ಬರೀ ಪುಡಿಹಾಲು ಕುಡಿದವರಲ್ಲಿ ಇದು ಬರೀ ಎದೆಹಾಲು ಕುಡಿದವರಿಗಿಂತ 6ರಿಂದ 10 ಪಟ್ಟು ಹೆಚ್ಚು! ಎದೆಹಾಲಿನಲ್ಲಿರುವ ಐಜಿಎ ಎಂಬ ಪ್ರತಿಕಾಯ ಕರುಳಿಗೆ ಕಾವಲು ನಿಲ್ಲುತ್ತೆ, ಅದರಲ್ಲೂ ಮೊದಲ ದಿನಗಳ ಹಳದಿ ಹಾಲಿನಲ್ಲಿ. ಹಸು ಈದರೆ ಗಿಣ್ಣಿಗೆ ಬಾಯಿ ಚಪ್ಪರಿಸುವ ನಾವು, ಬಾಣಂತಿಯ ಮೊದಲ ಹಾಲನ್ನು ಹಿಂಡಿ ಚೆಲ್ಲುತ್ತಿದ್ದೆವು. ಎಂಥ ವಿಚಿತ್ರ ಅಲ್ವಾ?

ಇಷ್ಟು ಓದಿದವನು ಗೆದ್ದೆ ಅಂತ ಅಜ್ಜಿ ಹತ್ತಿರ ಹೋದೆ. "ಅಪ್ಪನಿಗೆ ಹುಟ್ಟಿದ ದಿನವೇ ಹಸುವಿನ ಹಾಲು ಕುಡಿಸಿದ್ರಾ?" ಅಂತ ಕೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಇಲ್ವೋ. ಪಕ್ಕದ ಮನೇಲಿ ಒಬ್ಬಳು ಬಾಣಂತಿ ಇದ್ಲು. ಒಂದು ತಿಂಗಳು ಅವಳೇ ಕುಡಿಸಿದ್ಲು. ಹಸುವಿನ ಹಾಲು ಆಮೇಲೆ." ನನ್ನ ಬಾಯಿ ಕಟ್ಟಿತು. ಬುಡಾನ್ ಬರೆದದ್ದನ್ನು ಭದ್ರಾವತಿಯ ಹೊಸಮನೆಯ ಆ ತಾಯಿ ಓದದೆಯೇ ಮಾಡಿದ್ದಳು. ಅಜ್ಜಿಯ ನೆನಪಿನಲ್ಲಿ ಹಸು ಉಳಿದಿತ್ತು, ಪಕ್ಕದ ಮನೆಯವಳು ಮರೆತುಹೋಗಿದ್ದಳು.

ಈಗ ಹಾಗೆ ನೇರವಾಗಿ ಕುಡಿಸುವುದನ್ನು ವೈದ್ಯರು ಒಪ್ಪುವುದಿಲ್ಲ, ಸೋಂಕಿನ ಭಯ. ದಾನಿಯ ರಕ್ತ ಪರೀಕ್ಷಿಸಿ, ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ ಕೊಡುತ್ತಾರೆ. ಮುಂಬಯಿಯ ಸಯಾನ್ ಆಸ್ಪತ್ರೆಯಲ್ಲಿ 1989ರಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಇಂಥ ಎದೆಹಾಲಿನ ಬ್ಯಾಂಕ್ ತೆರೆದರು, ಏಷ್ಯಾದಲ್ಲೇ ಮೊದಲನೆಯದು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೆ 2022ರಲ್ಲಿ 'ಅಮೃತಧಾರೆ' ಬಂತು.

ನಮ್ಮ ಹುಡುಗನಿಗೆ ಅದರ ಅಗತ್ಯ ಬೀಳಲಿಲ್ಲ. ನಾಲ್ಕನೇ ದಿನ ತಂಗಿಗೆ ಹಾಲು ಬಂತು. ಹಿಂಡಿ, ನಳಿಗೆಯಲ್ಲಿ ಗಂಟೆಗಳ ಲೆಕ್ಕದಲ್ಲಿ ಕೊಟ್ಟರು. ಈಗ ಅವನು ಶಾಲೆಗೆ ಹೋಗ್ತಾನೆ, ಬೆಳಿಗ್ಗೆ ಒಂದು ಲೋಟ ಹಸುವಿನ ಹಾಲನ್ನೂ ಕುಡೀತಾನೆ, ಏನೂ ಆಗಿಲ್ಲ. ನಿಮ್ಮ ಮನೆಯ ಏಳು ತಿಂಗಳ ಕೂಸು ಯಾರ ಹಾಲಿನಿಂದ ಬದುಕಿತು? ಅಜ್ಜಿಯರು ಇರುವಾಗಲೇ ಒಮ್ಮೆ ಕೇಳಿ ನೋಡಿ.