ಜಲಾಂತರ್ಗತ ಪುರಾತತ್ತ್ವ ನೆಲೆಗಳ ಶಿಲೆಗಳು ಮತ್ತು ಹವಾಮಾನ ಬದಲಾವಣೆ

ಸಮುದ್ರದಲ್ಲಿ ಮುಳುಗಿರುವ ಪ್ರಾಚೀನ ನಗರ, ಬಂದರು ಮತ್ತು ಹಡಗುಗಳ ಅವಶೇಷಗಳಲ್ಲಿನ ಕಲ್ಲಿನ ಕಟ್ಟಡಭಾಗಗಳು ಹಾಗೂ ಶಿಲ್ಪಗಳು ಹವಾಮಾನ ಬದಲಾವಣೆಯಿಂದ ಹಾನಿಗೆ ಒಳಗಾಗುವ ಸಾಧ್ಯತೆ ಇದೆ. ಮರ, ಕಬ್ಬಿಣಗಳಿಗಿಂತ ಕಲ್ಲು ನೀರಿನಲ್ಲಿ ಹೆಚ್ಚು ಬಾಳುತ್ತದೆ ಎಂಬ ಸಾಮಾನ್ಯ ತಿಳಿವಳಿಕೆ ಅಮೃತಶಿಲೆ ಮತ್ತು ಸುಣ್ಣಕಲ್ಲುಗಳ ವಿಷಯದಲ್ಲಿ ಪೂರ್ತಿ ನಿಜವಲ್ಲ.

ಶಿಲೆಯ ಸ್ವರೂಪ

ಅಮೃತಶಿಲೆ ಮತ್ತು ಸುಣ್ಣಕಲ್ಲುಗಳ ಮುಖ್ಯ ಘಟಕ ಕ್ಯಾಲ್ಸಿಯಂ ಕಾರ್ಬೊನೇಟ್. ಇದು ಆಮ್ಲದಲ್ಲಿ ಕರಗುತ್ತದೆ. ಗ್ರಾನೈಟ್ ಸಿಲಿಕೇಟ್ ಖನಿಜಗಳಿಂದ ಆದುದರಿಂದ ಈ ಅಪಾಯ ಅದಕ್ಕೆ ಬಹಳ ಕಡಿಮೆ. ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಕಡಲಡಿಯಲ್ಲಿರುವ ಆಸ್ವಾನ್ ಗ್ರಾನೈಟಿನ ಬೃಹತ್ ಶಿಲಾಖಂಡಗಳು ಇದಕ್ಕೆ ನಿದರ್ಶನ.

ಸಾಗರ ಆಮ್ಲೀಕರಣ

ಮಾನವನು ಹೊರಸೂಸುವ ಇಂಗಾಲದ ಡೈಆಕ್ಸೈಡಿನ ಸುಮಾರು ಕಾಲು ಭಾಗವನ್ನು ಸಾಗರಗಳು ಹೀರಿಕೊಳ್ಳುತ್ತವೆ. ಕೈಗಾರಿಕಾ ಯುಗಕ್ಕೆ ಮೊದಲು ಸುಮಾರು 8.2 ಇದ್ದ ಮೇಲ್ಮೈ ನೀರಿನ ಪಿಎಚ್ ಈಗ ಸುಮಾರು 8.1ಕ್ಕೆ ಇಳಿದಿದೆ. ಈ ವ್ಯತ್ಯಾಸ ಚಿಕ್ಕದೆಂದು ತೋರಿದರೂ ಪಿಎಚ್ ಲಾಗರಿದಮ್ ಆಧಾರಿತ ಮಾಪಕವಾದ್ದರಿಂದ ಹೈಡ್ರೋಜನ್ ಅಯಾನುಗಳ ಪ್ರಮಾಣ ಶೇ. 25ಕ್ಕೂ ಹೆಚ್ಚು ಏರಿದೆ. ಹಾಗೆಂದು ಕಡಲಡಿಯ ಶಿಲ್ಪಗಳು ಈಗಾಗಲೇ ಕರಗುತ್ತಿವೆ ಎನ್ನುವುದು ಅತಿಶಯೋಕ್ತಿ. ಮೆಡಿಟರೇನಿಯನ್ ಸಮುದ್ರದ ಮೇಲ್ಪದರದ ನೀರು ಇಂದಿಗೂ ಕ್ಯಾಲ್ಸೈಟಿನಿಂದ ಅತಿಸಂತೃಪ್ತವಾಗಿದೆ. ಆದರೆ ಕಲ್ಲಿಗೆ ಅಂಟಿಕೊಂಡ ಸೂಕ್ಷ್ಮಜೀವಿಗಳ ಪೊರೆಯ ಅಡಿಯಲ್ಲಿ ಅವುಗಳ ಉಸಿರಾಟದಿಂದಲೇ ಪಿಎಚ್ ಇನ್ನಷ್ಟು ಕುಸಿಯಬಲ್ಲದು.

ಕೊರೆಯುವ ಜೀವಿಗಳು

ಸದ್ಯಕ್ಕೆ ಹೆಚ್ಚಿನ ಹಾನಿ ಜೀವಿಗಳಿಂದಲೇ ಆಗುತ್ತಿದೆ. ಕ್ಲಿಯೋನಾ ಜಾತಿಯ ಸ್ಪಂಜುಗಳು ಕಲ್ಲಿನೊಳಗೆ ಕುಳಿಗಳನ್ನು ಕೊರೆಯುತ್ತವೆ. ಖರ್ಜೂರದ ಆಕಾರದ ಲಿಥೋಫಾಗಾ ಎಂಬ ಚಿಪ್ಪುಜೀವಿ ತನ್ನ ಸ್ರಾವದಿಂದ ಕಲ್ಲನ್ನು ಕರಗಿಸಿ ಬಿಲ ಮಾಡಿಕೊಳ್ಳುತ್ತದೆ. ಇಟಲಿಯ ಪೊಟ್ಸುವೋಲಿಯಲ್ಲಿ ಇಂದು ನೆಲದ ಮೇಲೆ ನಿಂತಿರುವ ರೋಮನ್ ಕಂಬಗಳಲ್ಲಿ ಇಂತಹ ರಂಧ್ರಗಳ ಪಟ್ಟಿಯನ್ನು ಕಾಣಬಹುದು. ಆ ನೆಲ ಮುಳುಗಿ ಮತ್ತೆ ಮೇಲೆದ್ದುದಕ್ಕೆ ಸಾಕ್ಷಿಯೆಂದು ಚಾರ್ಲ್ಸ್ ಲಯೆಲ್ ಈ ಕಂಬಗಳ ಚಿತ್ರವನ್ನು 1830ರ ತಮ್ಮ ಭೂವಿಜ್ಞಾನ ಗ್ರಂಥದ ಮುಖಚಿತ್ರವಾಗಿಸಿದರು.

ಗ್ರೀಸಿನ ಆಂಟಿಕಿಥೆರಾ ಬಳಿ 1900ರಲ್ಲಿ ಪತ್ತೆಯಾದ ಹಡಗಿನಿಂದ ದೊರೆತ ಅಮೃತಶಿಲೆಯ ಬಾಲಕನ ಪ್ರತಿಮೆ ಇನ್ನೂ ಸ್ಪಷ್ಟ ಉದಾಹರಣೆ. ಮರಳಿನಲ್ಲಿ ಹೂತಿದ್ದ ಪಾರ್ಶ್ವ ನಯವಾಗಿ ಉಳಿದಿದ್ದರೆ, ನೀರಿಗೆ ತೆರೆದುಕೊಂಡಿದ್ದ ಪಾರ್ಶ್ವವನ್ನು ಜೀವಿಗಳು ಗುರುತು ಸಿಗದಂತೆ ತಿಂದುಹಾಕಿವೆ.

ಆಮ್ಲೀಯತೆ ಹೆಚ್ಚಿದ ನೀರಿನಲ್ಲಿ ಕೆಲವು ಸ್ಪಂಜುಗಳು ವೇಗವಾಗಿ ಕೊರೆಯುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಚಿಪ್ಪುಜೀವಿಗಳ ಕವಚವೂ ಕ್ಯಾಲ್ಸಿಯಂ ಕಾರ್ಬೊನೇಟೇ ಆದ್ದರಿಂದ ಅವೂ ಹಾಗೆಯೇ ವರ್ತಿಸುತ್ತವೆ ಎನ್ನಲಾಗದು.

ಬಾಯಾ

ನೇಪಲ್ಸ್ ಸಮೀಪದ ರೋಮನ್ ವಿಹಾರನಗರಿ ಬಾಯಾ ಮುಳುಗಿದ್ದು ಜ್ವಾಲಾಮುಖಿ ಪ್ರದೇಶದ ನೆಲ ನಿಧಾನವಾಗಿ ಕುಸಿದುದರಿಂದ, ಹವಾಮಾನ ಬದಲಾವಣೆಯಿಂದಲ್ಲ. 2002ರಲ್ಲಿ ಇದನ್ನು ಜಲಾಂತರ್ಗತ ಉದ್ಯಾನವೆಂದು ಘೋಷಿಸಲಾಯಿತು. ಅದೇ ಕೊಲ್ಲಿಯ ಇಸ್ಕಿಯಾ ದ್ವೀಪದ ಬಳಿ ಕಡಲತಳದಿಂದ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳು ಸಹಜವಾಗಿ ಹೊಮ್ಮುತ್ತವೆ. ಹೀಗಾಗಿ ಭವಿಷ್ಯದ ಆಮ್ಲೀಯ ಸಮುದ್ರ ಹೇಗಿರಬಹುದೆಂದು ವಿಜ್ಞಾನಿಗಳು ಅಲ್ಲಿ ಅಧ್ಯಯನ ನಡೆಸುತ್ತಾರೆ.

ಸಂರಕ್ಷಣೆ

ಯುನೆಸ್ಕೊದ 2001ರ ಒಡಂಬಡಿಕೆಯು ಅವಶೇಷಗಳನ್ನು ಇದ್ದಲ್ಲಿಯೇ ಉಳಿಸುವುದನ್ನು ಮೊದಲ ಆಯ್ಕೆಯಾಗಿ ಪರಿಗಣಿಸಬೇಕೆನ್ನುತ್ತದೆ. ಬಾಯಾದ ಪುಂಟಾ ಎಪಿಟಾಫಿಯೊದಲ್ಲಿ ದೊರೆತ ಪ್ರತಿಮೆಗಳನ್ನು ಮಾತ್ರ ವಸ್ತುಸಂಗ್ರಹಾಲಯಕ್ಕೆ ಒಯ್ದು, ನೀರಿನಲ್ಲಿ ಪ್ರತಿಕೃತಿಗಳನ್ನು ಇರಿಸಲಾಗಿದೆ. ಸ್ಥಳದಲ್ಲೇ ಉಳಿಯುವ ಕಲ್ಲುಗಳಿಗೆ ಮರಳು ಮತ್ತು ಜವಳಿ ಹೊದಿಕೆಯೇ ಸರಳ ರಕ್ಷಣೆ, ಏಕೆಂದರೆ ಆಮ್ಲಜನಕ ದೊರೆಯದ ಕಡೆ ಕೊರೆಯುವ ಜೀವಿಗಳು ಬದುಕಲಾರವು. ಪ್ರಬಲ ಬಿರುಗಾಳಿಯ ಅಲೆಗಳು ಈ ಮರಳನ್ನು ಕೊಚ್ಚಿಕೊಂಡು ಹೋಗಬಲ್ಲವು. ಆದ್ದರಿಂದ ಹೊದಿಕೆಯನ್ನು ಆಗಾಗ ಪರಿಶೀಲಿಸಬೇಕಾಗುತ್ತದೆ. ಹೂತಿಟ್ಟ ಶಿಲೆಯನ್ನು ನೋಡಲು ಬರುವ ಮುಳುಗುಗಾರರಿಗೆ ತೋರಿಸಲು ಸಾಧ್ಯವಾಗದಿರುವುದು ಈ ವಿಧಾನದ ಇನ್ನೊಂದು ತೊಡಕು.